ಎಡೆ ಹಿಡಿದ ತಾಯಿ

ಮೊನ್ನೆ ಕೊರಿಯರ್‌ನವನು ದಪ್ಪನೆಯ ಲಕೋಟೆಯೊಂದನ್ನು ಕೊಟ್ಟು ಹೋದ. ನಮ್ಮ ಸಾಂತಾಕ್ರೂಜ್‌ನ ಕನ್ನಡ ಸಂಘ ಸ್ಮರಣ ಸಂಚಿಕೆ ತರುತ್ತಿದೆ. ಮೂವತ್ತು ವರ್ಷಗಳ ಹಿಂದೆ ನಾನು ಅಲ್ಲಿ ಮಾಡಿದ್ದ ಉಪನ್ಯಾಸವೊಂದು ಸಂಘದ ಕಪಾಟಿನಲ್ಲಿ ಜಿರಳೆಗಳ ಕಣ್ಣು ತಪ್ಪಿಸಿ ಉಳಿದಿತ್ತಂತೆ. ಅದನ್ನು ಟೈಪು ಮಾಡಿ, ತಿದ್ದಲಿಕ್ಕೆಂದು ನನಗೆ ಕಳಿಸಿದ್ದರು. ಮೇಲೆ ದಪ್ಪ ಅಕ್ಷರದಲ್ಲಿ ‘ಗ್ರೀಕರ ಎರಡು ಮಹಾಕಾವ್ಯಗಳು, ಇಬ್ಬರು ವೀರರು: ಒಂದು ತುಲನೆ’ ಎಂದಿತ್ತು. ಅದರ ಕೆಳಗೆ ನನ್ನ ಹೆಸರು. ಈ ವಯಸ್ಸಿನಲ್ಲಿ ಅಚ್ಚಿನಲ್ಲಿ ತನ್ನ ಹೆಸರು ಕಂಡರೆ ಯಾವನಿಗೆ ಬೇಡ ಅನಿಸುತ್ತದೆ? ಕನ್ನಡಕ ಒರೆಸಿಕೊಂಡು ಕುಳಿತೆ.

ಮೂರನೆಯ ಪುಟಕ್ಕೆ ಬರುವಷ್ಟರಲ್ಲಿ ಈ ಸಾಲು ಸಿಕ್ಕಿತು: ‘ಮಗ ಸಾಯುವನೆಂದು ಮೊದಲೇ ತಿಳಿದ ಆ ತಾಯಿ ನದಿಯ ದಂಡೆಯಲ್ಲಿ ಬಾಳೆಲೆ ಹಾಸಿ, ಹಿಮ್ಮಡಿ ಬಡಿಸಿ, ಹಿಮ್ಮಡಿಯ ಮೇಲೆ ತುಪ್ಪ ಸುರಿದು, ಕಾಗೆಗಾಗಿ ಕಾದು ನಿಂತಳು.’ ಇನ್ನೊಂದು ಪುಟದಲ್ಲಿ ಗ್ರೀಕರು ‘ಹಿಮ್ಮಡಿಬಿಡದೆ’ ಹತ್ತು ವರ್ಷ ಯುದ್ಧ ಮಾಡಿದ್ದರು. ನನ್ನ ಹೆಂಡತಿಗೆ ಓದಿ ತೋರಿಸಿದೆ. ಅವಳು ಸೋಸುತ್ತಿದ್ದ ಮೆಂತ್ಯದ ಸೊಪ್ಪನ್ನು ಬದಿಗಿಟ್ಟು, ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುವಷ್ಟು ನಕ್ಕಳು. ನಾನೂ ನಕ್ಕೆ. ಆಮೇಲೆ ಇಬ್ಬರಿಗೂ ಒಟ್ಟಿಗೆ ನೆನಪಾಯಿತು. ಅವಳು ಸೊಪ್ಪಿನ ಕಡೆ ನೋಡಿದಳು, ನಾನು ಕಿಟಕಿಯ ಕಡೆ.

ನಿಮಗೂ ನಗು ಬಂದಿದ್ದರೆ ಈಗಲೇ ನಕ್ಕುಬಿಡಿ. ಮುಂದೆ ಅಷ್ಟು ಅವಕಾಶ ಸಿಗಲಿಕ್ಕಿಲ್ಲ.

ನಾನು ನೌಕರಿ ಮಾಡಿದ್ದು ಫೋರ್ಟ್‌ನಲ್ಲಿ, ಹಳೆಯ ವಕೀಲರ ಕಚೇರಿಯೊಂದರಲ್ಲಿ. ಟೈಪಿಸ್ಟ್ ಆಗಿ ಸೇರಿ, ಬಡ್ತಿ ಸಿಕ್ಕಿ, ಅಲ್ಲಿಯ ಪುಸ್ತಕಗಳನ್ನು ನೋಡಿಕೊಳ್ಳುವವನಾದೆ. ಕಾನೂನಿನ ಪುಸ್ತಕಗಳು ಎಂದರೆ ಏನೆಂದುಕೊಂಡಿದ್ದೀರಿ? ಒಂದೊಂದೂ ಎರಡು ಇಟ್ಟಿಗೆಯ ಭಾರ. ವಕೀಲರು ಅವನ್ನು ಓದುತ್ತಿದ್ದರೋ ಇಲ್ಲವೋ, ಕಿತ್ತು ಬಿಸಾಡುವುದರಲ್ಲಿ ಮಾತ್ರ ಹಿಂದೆ ಬೀಳುತ್ತಿರಲಿಲ್ಲ. ಬೆನ್ನು ಬಿಟ್ಟ, ಹೊಲಿಗೆ ಹರಿದ ಆ ಪುಸ್ತಕಗಳೆಲ್ಲ ನೆಲಮಾಳಿಗೆಯ ಬೈಂಡಿಂಗ್ ಕೋಣೆಗೆ ಹೋಗುತ್ತಿದ್ದವು. ಅಲ್ಲಿ ಮೌಲಾಸಾಬರು ಕೂತಿರುತ್ತಿದ್ದರು.

ಬಿಜಾಪುರದ ಕಡೆಯವರು. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ಮನೆಯ ಮಾತು ದಖನಿ ಉರ್ದು, ಕಲಿತದ್ದು ಕನ್ನಡ ಏಳನೆಯ ಇಯತ್ತೆ. ನಾನೂ ಅದೇ ಸೀಮೆಯವನಾದ್ದರಿಂದ, ಮೊದಲ ದಿನವೇ ಬಾಯಿ ತುಂಬ ನಮ್ಮ ಮಾತು ಸಿಕ್ಕಿ ಕುಣಿದಾಡುವಂತಾಗಿತ್ತು. ಮಧ್ಯಾಹ್ನದ ಊಟಕ್ಕೆ ಮೊದಮೊದಲು ಎದುರಿನ ಉಡುಪಿ ಹೋಟೆಲಿಗೆ ಹೋಗುತ್ತಿದ್ದವನು, ಆಮೇಲೆ ಡಬ್ಬಿ ಹಿಡಿದುಕೊಂಡು ನೆಲಮಾಳಿಗೆಗೇ ಇಳಿಯತೊಡಗಿದೆ. ಅವರ ಡಬ್ಬಿಯ ಜೋಳದ ರೊಟ್ಟಿ, ಶೇಂಗಾ ಚಟ್ನಿ. ನಮ್ಮ ಮನೆಯ ಬದನೆಕಾಯಿ ಪಲ್ಯ. ಮೂಲೆಯಲ್ಲಿ ಮೈದಾಹಿಟ್ಟಿನ ಅಂಟು ಕುದಿಯುತ್ತಿರುತ್ತಿತ್ತು. ಹುಳ ಹಿಡಿಯಬಾರದೆಂದು ಅದಕ್ಕೆ ಮೈಲುತುತ್ತದ ವಿಷ ಹಾಕುತ್ತಿದ್ದರು. ‘ಕೈ ತೊಕ್ಕೊಂಡು ಉಣ್ರಿ, ಇಲ್ಲಾಂದ್ರ ವಕೀಲರಿಗಿಂತ ಮೊದಲ ನೀವ ಹೋಗತೀರಿ’ ಎಂದು ದಿನಾ ಎಚ್ಚರಿಸುತ್ತಿದ್ದರು. ನಾನು ಆಗ ಸಂಘದ ಪತ್ರಿಕೆಗೆ ಅಷ್ಟಿಷ್ಟು ಬರೆಯುತ್ತಿದ್ದೆ. ಅದಕ್ಕೆ ನನ್ನನ್ನು ‘ಸಾಹಿತಿಗಳ’ ಎಂದು ಕರೆಯುತ್ತಿದ್ದರು. ಅದರಲ್ಲಿ ಅರ್ಧ ಚೇಷ್ಟೆ, ಅರ್ಧ ಅಕ್ಕರೆ. ನನಗೆ ಬರೀ ಅಕ್ಕರೆಯಷ್ಟೇ ಕೇಳಿಸುತ್ತಿತ್ತು. ಕಿವಿಯ ದೋಷ ನನಗೆ ಆಗಿನಿಂದಲೂ ಇದೆ.

ಆ ಕೋಣೆಯ ಮೇಲಿನ ಹಲಗೆಯಲ್ಲಿ, ಬಟ್ಟೆಯಲ್ಲಿ ಸುತ್ತಿದ ಎರಡು ಇಂಗ್ಲಿಷ್ ಪುಸ್ತಕಗಳಿದ್ದವು. ಗ್ರೀಕರ ಎರಡು ಮಹಾಕಾವ್ಯಗಳು. ಕಚೇರಿಯ ಹಿರಿಯ ಪಾರ್ಸಿ ವಕೀಲರೊಬ್ಬರು ತಮ್ಮ ಸ್ವಂತದ ಪ್ರತಿಗಳನ್ನು ರಟ್ಟು ಹಾಕಲು ಕೊಟ್ಟು, ಮರಳಿ ಒಯ್ಯುವ ಮೊದಲೇ ತೀರಿಕೊಂಡಿದ್ದರು. ಮೌಲಾಸಾಬರು ಅವರ ಮಗನ ಹತ್ತಿರ ಹೋಗಿ ಕೇಳಿದರೆ, ‘ತುಮ್ ರಖೋ’ ಎಂದನಂತೆ. ಇಟ್ಟುಕೊಂಡರು. ಬರೀ ಇಟ್ಟುಕೊಳ್ಳಲಿಲ್ಲ. ಫುಟ್‌ಪಾತಿನ ಅಂಗಡಿಯಿಂದ ಹಳೆಯ ಡಿಕ್ಷನರಿ ತಂದು ಒಂದೊಂದೇ ಶಬ್ದ ಹುಡುಕಿ ಓದತೊಡಗಿದರು. ಮೊದಲನೆಯ ಪುಸ್ತಕಕ್ಕೆ ಆರು ವರ್ಷ ಹಿಡಿಯಿತು, ಎರಡನೆಯದಕ್ಕೆ ನಾಲ್ಕು. ‘ಲಡಾಯಿ ಹತ್ತು ವರ್ಷದ್ದು, ನಂದೂ ಹತ್ತು ವರ್ಷದ್ದು’ ಎನ್ನುತ್ತಿದ್ದರು. ಆ ಹತ್ತು ವರ್ಷದಲ್ಲಿ ನಾನು ಓದಿದ್ದು ಏನೇನು ಎಂದು ಈಗ ಲೆಕ್ಕ ಹಾಕಿದರೆ, ಹೇಳಿಕೊಳ್ಳುವಂಥದ್ದು ಏನೂ ಇಲ್ಲ.

ಆ ಕಾವ್ಯಗಳ ವೀರರ ಹೆಸರನ್ನು ಅವರು ಒಮ್ಮೆಯೂ ಬಾಯಿಬಿಟ್ಟು ಹೇಳಲಿಲ್ಲ. ‘ಓದಾಕ ಬರತಾವ್ರಿ, ಅನ್ನಾಕ ಬರೂದಿಲ್ಲ. ತಪ್ಪು ಅಂದು ದೊಡ್ಡವರ ಮರ್ಯಾದಿ ಯಾಕ ತಗೀಲಿ?’ ಎಂದು, ಒಬ್ಬನನ್ನು ‘ಸಿಟ್ಟಿನಂವ’ ಎಂದರು, ಇನ್ನೊಬ್ಬನನ್ನು ‘ಸುತ್ತಿ ಬಂದಂವ’ ಎಂದರು. ನಾನೂ ಇಲ್ಲಿ ಹಾಗೆಯೇ ಕರೆಯುತ್ತೇನೆ. ಉಪನ್ಯಾಸದಲ್ಲಿ ಹೆಸರುಗಳನ್ನು ಉರು ಹೊಡೆದು ಗಡಗಡ ಹೇಳಿದ್ದಾಯಿತು, ಅದರಿಂದ ಯಾರಿಗೂ ಒಳ್ಳೆಯದಾಗಲಿಲ್ಲ.

ಸಿಟ್ಟಿನವನ ಕತೆ ಹೀಗೆ. ಯುದ್ಧದಲ್ಲಿ ಅವನ ಪಾಲಿಗೆ ಬಂದದ್ದನ್ನು ಅವನ ದೊರೆಯೇ ಕಿತ್ತುಕೊಳ್ಳುತ್ತಾನೆ. ಇವನು ಮುನಿದು ಡೇರೆಯಲ್ಲಿ ಕೂತುಬಿಡುತ್ತಾನೆ. ತನ್ನವರು ಸಾಲಾಗಿ ಸಾಯುತ್ತಿದ್ದರೂ ಏಳುವುದಿಲ್ಲ. ಕೊನೆಗೆ ಅವನ ಗೆಳೆಯ, ಅವನದೇ ಕವಚ ಕೇಳಿ ತೊಟ್ಟುಕೊಂಡು ಹೋಗಿ, ಸಾಯುತ್ತಾನೆ. ಆಗ ಎದ್ದು, ಕೊಂದವನನ್ನು ಕೊಂದು, ಹೆಣವನ್ನು ರಥಕ್ಕೆ ಕಟ್ಟಿ ಎಳೆಯುತ್ತಾನೆ. ಆ ಹೆಣದ ಮುದಿ ತಂದೆ ಬಂದು, ಮಗನನ್ನು ಕೊಂದ ಕೈಗೇ ಮುತ್ತಿಟ್ಟು ಹೆಣ ಬೇಡುತ್ತಾನೆ. ಇದನ್ನು ಹೇಳುವಾಗ ಮೌಲಾಸಾಬರು ಸೂಜಿ ಕೆಳಗಿಡುತ್ತಿದ್ದರು. ‘ಇಬ್ಬರೂ ಕೂಡಿ ಅಳತಾರ್ರಿ. ಅತ್ತಾದ ಮ್ಯಾಲ ಕೂಡಿ ಉಣ್ಣತಾರ. ಬರದಂವ ಊಟ ಮರತಿಲ್ಲ ನೋಡ್ರಿ’ ಎನ್ನುತ್ತಿದ್ದರು.

ಸುತ್ತಿ ಬಂದವನು ಅದೇ ಯುದ್ಧ ಮುಗಿಸಿ ಮನೆಗೆ ಹೊರಟವನು. ಇನ್ನೂ ಹತ್ತು ವರ್ಷ ಕಡಲಿನಲ್ಲಿ ಅಲೆದು, ಹೋದಲ್ಲೆಲ್ಲ ಒಂದೊಂದು ಸುಳ್ಳು ಹೇಳಿ, ಉಪಾಯ ಮಾಡಿ, ಭಿಕ್ಷುಕನ ವೇಷದಲ್ಲಿ ಮನೆ ಸೇರುತ್ತಾನೆ. ಲೋಕವೆಲ್ಲ ಮೆಚ್ಚುವುದು ಇವನ ಜಾಣತನವನ್ನು. ನಾನೂ ಮೆಚ್ಚಿದ್ದೆ. ಮೌಲಾಸಾಬರು ಮಾತ್ರ ಮೂಗು ಮುರಿದರು.

‘ಅಂವ ವೀರ ಅಲ್ರಿ, ಮುಕಾದಮ’ ಎಂದರು.

‘ಮುಕಾದಮ ಹೆಂಗ್ರಿ?’ ಎಂದೆ.

‘ನಮ್ಮ ಕಡಿಂದ ಮುಕಾದಮ ಮಂದೀನ ಬಿಲ್ಡಿಂಗ ಕೆಲಸಕ್ಕ ಕರ್ಕೊಂಡ ಬರತಾನಿಲ್ಲೋ? ಬಿದಿರು ಕಟ್ಟಿದ ಪರಾಂಚಿ ಮ್ಯಾಲಿಂದ ಒಬ್ಬ ಬಿದ್ದರ, ಊರಾಗ ಅವನ ಹೆಂಡತಿ ಯಾರಿಗಿ ಕೇಳತಾಳ? ಮುಕಾದಮಗ. ಈ ಮನಷ್ಯಾ ಹನ್ನೆರಡು ಹಡಗ ತುಂಬ ಮಂದೀನ ಒಯ್ದಂವ, ಮನೀಗೆ ಬರೂವಾಗ ಒಬ್ಬನs. ಉಳದಾವರು ಎಲ್ಲ್ಯಪ್ಪಾ ಅಂತ ಕಡೀಕ ಒಬ್ಬ ಮುದುಕ ಕೇಳತಾನ. ಅವನ್ನೂ ಕೊಂದ ಹಾಕತಾರ. ಮುಗೀತು ಪುಸ್ತಕ.’

ಗ್ರೀಕ್ ಕಾವ್ಯಗಳ ಬಗ್ಗೆ ಆಮೇಲೆ ಒಂದಿಷ್ಟು ಓದಿದ್ದೇನೆ. ಇಷ್ಟು ನೇರವಾಗಿ ನನಗೆ ತಟ್ಟಿದ ಮಾತು ಎಲ್ಲಿಯೂ ಸಿಗಲಿಲ್ಲ. ‘ಹಂಗಾದರ ನೀವು ಸಿಟ್ಟಿನವನ ಕಡೆ ಏನ್ರಿ?’ ಎಂದು ಕೇಳಿದ್ದೆ. ಅವರು ತಲೆ ಆಡಿಸಿ, ಎರಡನೆಯ ಪುಸ್ತಕ ತೆಗೆದು, ಒಂದು ಪುಟದಲ್ಲಿ ಬೆರಳಿಟ್ಟರು. ಅಲ್ಲಿ ಸುತ್ತಿ ಬಂದವನು ಸತ್ತವರ ಲೋಕಕ್ಕೆ ಹೋಗಿರುತ್ತಾನೆ. ಸಿಟ್ಟಿನವನು ಎದುರಾಗುತ್ತಾನೆ. ನೀನು ಇಲ್ಲಿಯೂ ದೊರೆಯೇ ಬಿಡು ಎಂದು ಇವನು ಸಮಾಧಾನ ಹೇಳಿದರೆ, ಸತ್ತವರ ದೊರೆಯಾಗುವುದಕ್ಕಿಂತ ಭೂಮಿಯ ಮೇಲೆ ಬಡವನೊಬ್ಬನ ಮನೆಯಲ್ಲಿ ಆಳಾಗಿ ದುಡಿದುಕೊಂಡಿದ್ದರೆ ಸಾಕಿತ್ತು ಎನ್ನುತ್ತಾನೆ ಅವನು.

‘ಸಣ್ಣ ಆಯುಷ್ಯ, ದೊಡ್ಡ ಹೆಸರು ಬೇಕಂತ ಮೊದಲನೇ ಪುಸ್ತಕದಾಗ ಆರಿಸಿಕೊಂಡಂವ ಇಂವ’ ಎಂದರು ಮೌಲಾಸಾಬರು. ‘ಅದು ತಪ್ಪಾತು ಅನ್ನೂದು ಎರಡನೇ ಪುಸ್ತಕದಾಗ ಬರತೈತಿ. ಒಂದರ ಜವಾಬು ಇನ್ನೊಂದರಾಗ. ಇವೆರಡೂ ಬ್ಯಾರೆ ಬ್ಯಾರೆ ಇರಬಾರದ್ರಿ, ಒಂದs ರಟ್ಟಿನಾಗ ಕಟ್ಟಬೇಕು. ನನ್ನ ತುಲನಾ ಅಂದ್ರ ಇಷ್ಟs.’

ಆಮೇಲೆ, ಅಂಟು ಕಲಕುತ್ತಾ, ನನ್ನ ಮುಖ ನೋಡದೆ ಹೇಳಿದರು. ‘ಒಮ್ಮೆ ಹತ್ತು ಮಂದಿ ಮುಂದ ಕುಂತು ಇದನ್ನ ಹೇಳಬೇಕಂತ ಐತ್ರಿ ಸಾಹಿತಿಗಳ. ಒಮ್ಮೆ ಸಾಕು. ಕನ್ನಡದಾಗ.’

ಅದೇನು ದೊಡ್ಡ ಮಾತು, ನಮ್ಮ ಸಂಘದ ವಾರ್ಷಿಕ ಉಪನ್ಯಾಸ ಈ ಸಲ ನಿಮ್ಮದೇ ಎಂದೆ. ಮಾತು ಕೊಡುವಾಗ ನನ್ನ ಕೈ ಯಾವತ್ತೂ ಧಾರಾಳ. ಅವರು ಮರುದಿನದಿಂದಲೇ, ಕೋರ್ಟಿನ ಹಳೆಯ ಕಾಗದಗಳ ಹಿಂಬದಿಯಲ್ಲಿ ದುಂಡಗಿನ ಕನ್ನಡ ಅಕ್ಷರಗಳಲ್ಲಿ ಬರೆದುಕೊಳ್ಳತೊಡಗಿದರು. ಹಾಳೆಗಳಿಗೆ ಹೊಲಿಗೆಯನ್ನೂ ಹಾಕಿದರು.

ನಮ್ಮ ಸಂಘದ ಅಧ್ಯಕ್ಷರು ಕರಾವಳಿಯವರು, ಹೋಟೆಲು ನಡೆಸಿ ಮೇಲೆ ಬಂದವರು. ಒಳ್ಳೆಯ ಮನುಷ್ಯ. ಸಂಘದ ಕಾರ್ಯಕ್ರಮ ಎಂದರೆ ಸ್ವಾಗತ ಭಾಷಣ ಅರ್ಧ ತಾಸು, ಶಾಲು ಹೊದಿಸುವುದು ಅರ್ಧ ತಾಸು, ಹಣ್ಣಿನ ಬುಟ್ಟಿ, ಫೋಟೊ, ಕೊನೆಯಲ್ಲಿ ಉಪ್ಪಿಟ್ಟು. ನಡುವೆ ಸಂದಿ ಸಿಕ್ಕರೆ ಉಪನ್ಯಾಸ. ಆ ಸಂದಿಯಲ್ಲಿ ಯಾರು ಮಾತಾಡಿದರೂ ನಡೆಯುತ್ತದೆ ಎಂದುಕೊಂಡಿದ್ದ ನನ್ನದು ತಪ್ಪು ತಿಳುವಳಿಕೆ.

‘ಅಲ್ಲ ಮಾರಾಯ್ರೆ, ಕಾರ್ಡಿನಲ್ಲಿ ಎಂತ ಅಂತ ಹಾಕುದು?’ ಎಂದರು ಅವರು. ‘ಉಪನ್ಯಾಸಕರು, ಬೈಂಡರ್, ಅಂತಲಾ? ಯುನಿವರ್ಸಿಟಿಯ ಪ್ರೊಫೆಸರ್‌ರನ್ನು ಅತಿಥಿ ಅಂತ ಕರ್ದಿದ್ದೇವೆ. ಅವರ ಎದುರು ಎಂತ ಚಂದ? ಮತ್ತೆ ಹೆಸರು ಕೂಡ...’ ಎಂದು ಅರ್ಧಕ್ಕೆ ನಿಲ್ಲಿಸಿದರು. ಉಳಿದ ಅರ್ಧ ನನಗೆ ಅರ್ಥವಾಯಿತು. ಅರ್ಥವಾಗದವನ ಹಾಗೆ ಚಹಾ ಕುಡಿದೆ. ‘ನಿಮಗೆ ಎಲ್ಲ ಗೊತ್ತುಂಟಲ್ಲ, ನೀವೇ ಮಾಡಿ’ ಎಂದರು.

ಅವರನ್ನು ದೂರುವುದು ಸುಲಭ. ಎಷ್ಟೋ ವರ್ಷ ಅದನ್ನೇ ಮಾಡಿದೆ. ನಿಜ ಹೇಳಬೇಕೆಂದರೆ ಅವರು ಕೇಳಿದ್ದು ಒಂದೇ ಸಲ, ನಾನು ಬೇಡ ಎಂದದ್ದು ಅರ್ಧ ಸಲ. ‘ನೀವೇ ಮಾಡಿ’ ಎಂಬ ಮಾತು ಕಿವಿಗೆ ಬಿದ್ದಾಗ ಒಳಗೆ ಎಲ್ಲೋ ಹಿತವಾಗಿತ್ತು. ಆ ಹಿತವನ್ನು ಇವತ್ತು ನೆನೆದರೆ ಮೈ ಉರಿಯುತ್ತದೆ.

ಮೌಲಾಸಾಬರಿಗೆ ಹೇಳಿದೆ: ‘ಪ್ರೋಗ್ರಾಮ್ ಮುಂದ ಹೋತ್ರಿ.’

‘ಚಲೋ ಆತು. ಇನ್ನೊಂದೀಟು ತಯಾರಿ ಮಾಡಕೋತೀನಿ’ ಎಂದರು.

ಆಮೇಲೆ ನಾನು ಮಾಡಿದ್ದನ್ನು ಏನೆನ್ನಬೇಕೋ ನೀವೇ ಹೇಳಿ. ದಿನಾ ಮಧ್ಯಾಹ್ನ ನೋಟ್‌ಬುಕ್ಕು ಹಿಡಿದು ಇಳಿದುಹೋಗಿ, ‘ಇನ್ನೊಮ್ಮೆ ಹೇಳ್ರಿ, ತಾಲೀಮು ಆಗತೈತಿ’ ಎಂದು ಅವರಿಂದ ಎಲ್ಲವನ್ನೂ ಹೇಳಿಸಿದೆ. ಮುಕಾದಮನ ಮಾತು, ಒಂದೇ ರಟ್ಟಿನ ಮಾತು, ಕೂಡಿ ಅತ್ತು ಕೂಡಿ ಉಂಡ ಮಾತು, ಎಲ್ಲ. ತನ್ನ ಮಾತನ್ನು ಒಬ್ಬ ಓದಿದವನು ಬರೆದುಕೊಳ್ಳುತ್ತಿದ್ದಾನೆ ಎಂಬ ಖುಷಿಗೆ ಅವರು ರೊಟ್ಟಿ ತಿನ್ನುವುದನ್ನೂ ಬಿಟ್ಟು ಹೇಳುತ್ತಿದ್ದರು. ‘ಸಾವಕಾಶ ಬರಕೊಳ್ರಿ’ ಎಂದು ನಡುನಡುವೆ ನಿಲ್ಲುತ್ತಿದ್ದರು ಕೂಡ.

ಹಾಗೊಂದು ದಿನ ಸಿಟ್ಟಿನವನ ತಾಯಿಯ ಮಾತು ಬಂತು. ಮಗ ಬೇಗ ಸಾಯುತ್ತಾನೆಂದು ಆ ತಾಯಿಗೆ ಮೊದಲೇ ಗೊತ್ತು. ಮೂಲೆಯಲ್ಲಿ ಅವರ ಸಹಾಯಕ ಒತ್ತುಯಂತ್ರದ ತಿರುಪು ತಿರುಗಿಸುತ್ತಿದ್ದ, ಅದರ ಕಿರುಗುಟ್ಟುವಿಕೆ ಬೇರೆ. ಮೌಲಾಸಾಬರು ಹೇಳಿದ್ದು ನನಗೆ ಹೀಗೆ ಕೇಳಿಸಿತು: ‘ಕೂಸನ್ನ ಸತ್ತವರ ಹೊಳಿಗೆ ಒಯ್ದಳ್ರಿ. ಎಡಿ ಹಿಡಿದಳು. ಅದರಾಗs ಅವನ ಸಾವು ಉಳೀತು.’

ನಮ್ಮ ಕಡೆ ಎಡೆಯನ್ನು ಎಡಿ ಎನ್ನುತ್ತೇವೆ. ದೇವರಿಗೆ ಎಡಿ ಹಿಡಿಯುತ್ತೇವೆ, ಸತ್ತ ಹಿರಿಯರಿಗೂ ಹಿಡಿಯುತ್ತೇವೆ. ಅವರಿಗೆ ಪ್ರಿಯವಾದ ಅಡಿಗೆಯನ್ನೆಲ್ಲ ಎಲೆಯ ಮೇಲೆ ಬಡಿಸಿ, ತುಪ್ಪ ಹಾಕಿ, ಹೊಳೆಯ ದಂಡೆಗೋ ಮಾಳಿಗೆಯ ಮೇಲೋ ಒಯ್ದು ಇಡುತ್ತೇವೆ. ಬದುಕಿರುವ ಕೂಸಿಗೆ ತಾಯಿ ಸತ್ತವರ ಹೊಳೆಯಲ್ಲಿ ಎಡೆ ಹಿಡಿದಳು! ನನ್ನ ರೋಮ ನಿಂತವು. ‘ಎಡಿ’ ಎಂಬುದು ಅವರ ಬಾಯಲ್ಲಿ ಕೊಂಚ ಎಳೆದು ‘ಏಡಿ’ ಎಂದು ಬಂದಿತ್ತು. ದಖನಿಯ ರಾಗ ಇರಬೇಕು ಎಂದುಕೊಂಡೆ. ‘ಇದು ಕಾವ್ಯದಾಗ ಇಲ್ರಿ ಮತ್ತ, ಹಿಂದಗಡೆ ಬಂದಾವರು ಕಟ್ಟಿದ್ದು. ಮುನ್ನುಡಿಯಾಗ ಐತಿ’ ಎಂದೂ ಅವರು ಹೇಳಿದರು. ಅಷ್ಟು ಹೊತ್ತಿಗೆ ನಾನು ನೋಟ್‌ಬುಕ್ಕಿನಲ್ಲಿ ಬಾಳೆಲೆ ಹಾಸಿ ಆಗಿತ್ತು. ಇಡೀ ಉಪನ್ಯಾಸದಲ್ಲಿ ನನ್ನದು ಎಂದು ಇದ್ದದ್ದು ಆ ಎರಡು ಪುಟ ಮಾತ್ರ.

ಉಪನ್ಯಾಸದ ಸಂಜೆ ಸಭಾಗೃಹ ತುಂಬಿತ್ತು. ಉಪ್ಪಿಟ್ಟಿನ ಜೊತೆ ಜಿಲೇಬಿಯೂ ಇದೆ ಎಂದು ಸುದ್ದಿ ಹಬ್ಬಿತ್ತೆಂದು ಕಾಣುತ್ತದೆ. ನಾನು ಚೆನ್ನಾಗಿ ಮಾತಾಡಿದೆ, ಸುಳ್ಳೇಕೆ. ಮುಕಾದಮ ಎಂದಾಗ ಜನ ಚಪ್ಪಾಳೆ ತಟ್ಟಿದರು. ಅತಿಥಿಯಾಗಿ ಬಂದಿದ್ದ ಪ್ರೊಫೆಸರರು ಮುಂದಿನ ಸಾಲಿನಲ್ಲಿ ಡೈರಿ ತೆಗೆದು ಅದನ್ನು ಬರೆದುಕೊಂಡದ್ದನ್ನು ನೋಡಿದೆ. ಎದೆ ಉಬ್ಬಿತು. ಕೊನೆಗೆ ತಾಯಿಯ ಎಡೆಗೆ ಬಂದೆ. ದನಿ ಇಳಿಸಿ, ಬಾಳೆಲೆ ಹಾಸಿದೆ, ಬಡಿಸಿದೆ, ತುಪ್ಪ ಸುರಿದೆ, ಕಾಗೆಯನ್ನು ಕರೆದೆ. ಹೆಂಗಸರು ಕಣ್ಣು ಒರೆಸಿಕೊಂಡರು.

ಪ್ರೊಫೆಸರರು ಎದ್ದು ನಿಂತು, ತುಂಬ ಮೃದುವಾಗಿ, ಉಪನ್ಯಾಸ ಅಪೂರ್ವವಾಗಿತ್ತು, ಒಂದೇ ಒಂದು ಸಣ್ಣ ತಿದ್ದುಪಡಿ ಎಂದರು. ಗ್ರೀಕರಲ್ಲಿ ಬಾಳೆಲೆಯೂ ಇಲ್ಲ, ಎಡೆಯೂ ಇಲ್ಲ. ತಾಯಿ ಮಗುವಿನ ಹಿಮ್ಮಡಿ ಹಿಡಿದು ನದಿಯಲ್ಲಿ ಅದ್ದಿದಳು; ಮೈಯೆಲ್ಲ ವಜ್ರವಾಯಿತು, ಕೈ ಹಿಡಿದಿದ್ದ ಹಿಮ್ಮಡಿ ಮಾತ್ರ ನೆನೆಯದೆ ಉಳಿಯಿತು, ಅಲ್ಲಿಗೆ ಬಾಣ ತಗುಲಿ ಸತ್ತ ಎಂಬ ಕತೆ ಅದು. ಹಿಂದಿಯಲ್ಲಿ ಹಿಮ್ಮಡಿಗೆ ಏಡಿ ಎನ್ನುತ್ತಾರಲ್ಲ, ಅದನ್ನೇ ಉಪನ್ಯಾಸಕರು ಎಲ್ಲೋ ತಪ್ಪಾಗಿ ಕೇಳಿಸಿಕೊಂಡಿರಬೇಕು ಎಂದು ನಕ್ಕರು. ‘ನಮ್ಮಲ್ಲಿ ಏಡಿ ಅಂದ್ರೆ ಸಾರು ಮಾಡುದಲ್ವಾ!’ ಎಂದು ಕರಾವಳಿಯವರಾರೋ ಹಿಂದಿನಿಂದ ಕೂಗಿದರು. ಸಭೆ ಗೊಳ್ಳೆಂದಿತು. ಕಣ್ಣು ಒರೆಸಿಕೊಂಡ ಹೆಂಗಸರೇ ಎಲ್ಲರಿಗಿಂತ ಜೋರಾಗಿ ನಕ್ಕರು.

ಆ ಗಳಿಗೆಯಲ್ಲಿ ‘ತಪ್ಪು ನನ್ನದು’ ಎಂದಿದ್ದರೆ ನಾನು ಈ ಪ್ರಬಂಧ ಬರೆಯುತ್ತಿರಲಿಲ್ಲ. ಮೈಕ್ ನನ್ನ ಕೈಯಲ್ಲಿತ್ತು. ಕಿವಿ ಬಿಸಿಯಾಗಿತ್ತು. ನಾನೂ ನಗುತ್ತಾ ಹೇಳಿದೆ: ‘ಏನು ಮಾಡುವುದು, ನಮ್ಮ ಆಫೀಸಿನ ಬೈಂಡರ್ ಒಬ್ಬ ಹೀಗೆ ಹೇಳಿದ್ದ, ನಂಬಿಬಿಟ್ಟೆ. ಪುಸ್ತಕ ಹೊಲಿಯುವವರ ಮಾತು ಕೇಳಿದರೆ ಹೀಗೇ.’

ಜನ ಇನ್ನಷ್ಟು ನಕ್ಕರು. ಮಾನ ಉಳಿಯಿತು. ನಗು ಇಳಿಯುವಾಗ, ಕೊನೆಯ ಸಾಲಿನಲ್ಲಿ, ಬಾಗಿಲ ಪಕ್ಕದ ಕುರ್ಚಿಯಲ್ಲಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಕೂತಿದ್ದ ಮೌಲಾಸಾಬರು ಕಂಡರು.

ದಿನಪತ್ರಿಕೆಯ ಮೂಲೆಯಲ್ಲಿ ಬಂದಿದ್ದ ‘ನಗರದಲ್ಲಿ ಇಂದು’ ನೋಡಿ ಬಂದಿದ್ದರಂತೆ. ಜನ ಉಪ್ಪಿಟ್ಟಿನ ಕಡೆ ಸರಿದ ಮೇಲೆ ಹತ್ತಿರ ಬಂದರು. ಕೈಯಲ್ಲಿ ಬಟ್ಟೆಯ ಚೀಲ, ಅದರಲ್ಲಿ ಎರಡೂ ಪುಸ್ತಕ. ‘ನಿಮಗ ನಡುವ ನೋಡಾಕ ಬೇಕಾದೀತು ಅಂತ ತಂದಿದ್ದೆ’ ಎಂದರು. ನಾನು ಏನೋ ಹೇಳಲು ಹೋದೆ. ಅವರು ಕೈ ಅಡ್ಡ ಮಾಡಿದರು.

‘ಏಡಿ ಅಂದ್ರ ಹಿಮ್ಮಡ ರೀ. ಮನಿ ಮಾತು ಬಾಯಾಗ ಬಂದಬಿಡತೈತಿ. ಕನ್ನಡದಾಗ ಹೇಳಬೇಕಾಗಿತ್ತು. ತಪ್ಪು ನನ್ನ ಕಡಿಂದನs ಆತು, ಸಾಹೇಬ್ರ.’

ಸಾಹೇಬ್ರ. ಅಷ್ಟು ವರ್ಷಗಳಲ್ಲಿ ಆ ಶಬ್ದ ನನ್ನ ಪಾಲಿಗೆ ಬಂದದ್ದು ಅದೇ ಮೊದಲು. ವಕೀಲರನ್ನು, ಮ್ಯಾನೇಜರರನ್ನು ಅವರು ಹಾಗೆ ಕರೆಯುತ್ತಿದ್ದರು.

ಮನೆಗೆ ಬರುವಾಗ ರಿಕ್ಷಾದಲ್ಲಿ ನನ್ನ ಹೆಂಡತಿ ಪಕ್ಕದಲ್ಲಿ ಕೂತಿದ್ದಳು. ಶಾಲು, ಹಣ್ಣಿನ ಬುಟ್ಟಿ ಎರಡೂ ಅವಳ ತೊಡೆಯ ಮೇಲಿದ್ದವು. ‘ಅಷ್ಟು ದೂರಿಂದ ಬಂದಿದ್ರು. ಒಂದು ಕಪ್ ಚಾ ಕುಡೀರಿ ಅಂತ ಸುದ್ದಾ ಅನ್ನಲಿಲ್ಲ ನೀವು’ ಎಂದಳು. ಅದಕ್ಕಿಂತ ಹೆಚ್ಚು ಆ ವಿಷಯ ಅವಳು ಇಂದಿಗೂ ಮಾತಾಡಿಲ್ಲ.

ಮರುದಿನ ನೆಲಮಾಳಿಗೆಗೆ ಇಳಿದೆ. ಅವರು ಎದ್ದು ನಿಂತರು. ಅದೂ ಹೊಸತು. ಸಿಟ್ಟು ಮಾಡಿದ್ದರೆ, ಬೈದಿದ್ದರೆ, ಡಬ್ಬಿ ಎತ್ತಿಕೊಂಡು ಹೊರಗೆ ಹೋಗಿದ್ದರೆ ನಾನು ಹೇಗೋ ಸುಧಾರಿಸಿಕೊಳ್ಳುತ್ತಿದ್ದೆ, ಕಾಲಿಗೆ ಬೀಳುತ್ತಿದ್ದೆ ಎಂದೂ ಅಂದುಕೊಳ್ಳುತ್ತೇನೆ. ಅವರು ಮುನಿಸಿಕೊಂಡು ಕೂರಲಿಲ್ಲ. ‘ಎಷ್ಟು ಪುಸ್ತಕ ಅದಾವ್ರಿ ಸಾಹೇಬ್ರ? ಶನಿವಾರ ಕೊಡತೀನಿ’ ಎಂದರು. ಮತ್ತೆ ಎರಡು ವರ್ಷ ಅಷ್ಟೇ ಮಾತು. ಒಮ್ಮೆ ಧೈರ್ಯ ಮಾಡಿ, ‘ಅವೆರಡನ್ನೂ ಒಂದs ರಟ್ಟಿನಾಗ ಕಟ್ಟಿದ್ರೇನು?’ ಎಂದು ಕೇಳಿದೆ. ‘ಈಗ ಕೆಲಸ ಭಾಳ ಐತ್ರಿ’ ಎಂದು ಸೂಜಿಗೆ ದಾರ ಪೋಣಿಸಿದರು. ನಾನು ಮತ್ತೆ ಉಡುಪಿ ಹೋಟೆಲಿನಲ್ಲಿ ಊಟ ಮಾಡತೊಡಗಿದೆ.

ಈ ಮೂವತ್ತು ವರ್ಷಗಳಲ್ಲಿ ನಾನು ಆ ಇಬ್ಬರು ವೀರರನ್ನು ಎಷ್ಟೋ ಸಲ ತೂಗಿ ನೋಡಿದ್ದೇನೆ. ಲೋಕಲ್ ಟ್ರೇನಿನಲ್ಲಿ ನಿಂತುಕೊಂಡು ಮಾಡಲು ಬೇರೆ ಏನು ಕೆಲಸ? ನಾನು ಯಾರ ಹಾಗೆ ಎಂದು ಕೇಳಿಕೊಂಡಿದ್ದೇನೆ. ಸುಳ್ಳು ಹೇಳಿದ್ದರಿಂದ ಸುತ್ತಿ ಬಂದವನ ಹಾಗೆ ಎನ್ನೋಣವೆಂದರೆ, ಅವನು ಸುಳ್ಳು ಹೇಳಿದ್ದು ಜೀವ ಉಳಿಸಿಕೊಳ್ಳಲಿಕ್ಕೆ; ನಾನು ಹೇಳಿದ್ದು ಒಂದು ಶಾಲಿಗೆ. ಮೊದಲನೆಯ ಕಾವ್ಯ ಶುರುವಾಗುವುದೇ ಒಬ್ಬನಿಗೆ ಸಂದದ್ದನ್ನು ಇನ್ನೊಬ್ಬ ಕಿತ್ತುಕೊಂಡದ್ದರಿಂದ. ಆ ಕಿತ್ತುಕೊಂಡವನನ್ನು ಯಾವ ಸಂಘದವರೂ ಉಪನ್ಯಾಸಕ್ಕೆ ಆರಿಸಿಕೊಳ್ಳುವುದಿಲ್ಲ. ನಾನು ಅವನು.

ಕಚೇರಿಯಲ್ಲಿ ಕಂಪ್ಯೂಟರ್ ಬಂತು, ಬೈಂಡಿಂಗ್ ಕೋಣೆ ಮುಚ್ಚಿತು. ಮೌಲಾಸಾಬರ ಬೀಳ್ಕೊಡುಗೆಯ ದಿನ ನಾನು ಜ್ವರ ಎಂದು ರಜೆ ಹಾಕಿದ್ದೆ. ಜ್ವರ ಇರಲಿಲ್ಲ. ಊರಿಗೆ ಹೋದರೆಂದು ಯಾರೋ ಹೇಳಿದರು.

ಇಷ್ಟೆಲ್ಲ ಆದ ಮೇಲೆ, ಮೊನ್ನೆಯ ಮಧ್ಯಾಹ್ನ ಲಕೋಟೆಯ ಮೇಲಿದ್ದ ನಂಬರಿಗೆ ಫೋನ್ ಮಾಡಿದೆ. ಸಂಚಿಕೆ ನೋಡಿಕೊಳ್ಳುತ್ತಿರುವವಳು ಶ್ರಾವ್ಯಾ, ಪವಾಯಿಯ ಐಟಿ ಕಂಪನಿಯಲ್ಲಿ ಕೆಲಸ ಮಾಡುವ ಹುಡುಗಿ, ಕನ್ನಡದ ಮೇಲೆ ಪ್ರೀತಿ ಇಟ್ಟುಕೊಂಡವಳು.

‘ಅಂಕಲ್, ಪ್ರೂಫ್ ಸಿಕ್ತಾ? ಸಾರಿ ಹಾಂ, ನನ್ನ ಕನ್ನಡ ಥೋಡಾ ಕಚ್ಚಾ ಇದೆ’ ಎಂದಳು. ‘ಹಳೇ ರಿಪೋರ್ಟ್‌ನಲ್ಲಿ ಪ್ರೊಫೆಸರ್ ಬೋಲೆ ಥೆ, ಎಡೆ ಅಲ್ಲ, ಹಿಮ್ಮಡಿ ಅಂತ. ಸೋ ನಾನು ಎಲ್ಲಾ ಕಡೆ ಒಂದೇ ಸಲ ಚೇಂಜ್ ಮಾಡಿದೆ. ಠೀಕ್ ಇದೆ ನಾ?’

‘ಅದನ್ನೆಲ್ಲ ಮೊದಲಿನ ಹಾಗೇ ಮಾಡಿಬಿಡಮ್ಮ. ಎಡೆ ಅಂತಲೇ ಇರಲಿ’ ಎಂದೆ.

‘ಬಟ್ ಅಂಕಲ್, ಅದು ಮಿಸ್ಟೇಕ್ ಅಲ್ವಾ?’

‘ಹೌದು. ಆ ಮಿಸ್ಟೇಕ್ ಒಂದೇ ನನ್ನದು. ಉಳಿದದ್ದು ಎಲ್ಲ ಬೇರೆಯವರದು. ಮೇಲೆ ನನ್ನ ಹೆಸರು ತೆಗೆದು ಅವರ ಹೆಸರು ಹಾಕು.’

ಅವಳು, ಹೆಸರು ಹೇಳಿ ಅಂಕಲ್ ಎಂದಳು. ಹೇಳಿದೆ. ಮೌಲಾಸಾಬ ಬೈಂಡರ್ ಎಂದು ಅವಳು ಒಂದೊಂದೇ ಅಕ್ಷರ ಟೈಪು ಮಾಡುತ್ತಾ ಗಟ್ಟಿಯಾಗಿ ಅಂದುಕೊಂಡಳು.

‘ಬೈಂಡರ್ ಅವರ ಸರ್‌ನೇಮಾ ಅಂಕಲ್?’

ನಮ್ಮ ಕಡೆ ಕಸುಬೇ ಅಡ್ಡಹೆಸರಾಗುವುದು ಮಾಮೂಲು. ಹೌದು ಎಂದರೆ ಮುಗಿದುಹೋಗುತ್ತಿತ್ತು, ಯಾರೂ ಬಂದು ತಿದ್ದುತ್ತಿರಲಿಲ್ಲ. ಹೌದು ಎನ್ನಲು ಬಾಯಿಯನ್ನೂ ತೆರೆದಿದ್ದೆ.

‘ಗೊತ್ತಿಲ್ಲಮ್ಮ’ ಎಂದೆ. ‘ಹದಿಮೂರು ವರ್ಷ ಅವರ ಡಬ್ಬಿಯಿಂದ ರೊಟ್ಟಿ ತಿಂದೆ. ಪೂರ್ತಿ ಹೆಸರು ಏನು ಅಂತ ಕೇಳಲಿಲ್ಲ. ಊರೂ ಕೇಳಲಿಲ್ಲ. ಬಿಜಾಪುರದ ಕಡೆ ಅಂತ ಅಷ್ಟೇ ಗೊತ್ತು.’

‘ಕೋಯಿ ಬಾತ್ ನಹೀ ಅಂಕಲ್’ ಎಂದಳು ಆ ಒಳ್ಳೆಯ ಹುಡುಗಿ. ‘ಕೆಳಗೆ ಬ್ರ್ಯಾಕೆಟ್‌ನಲ್ಲಿ, ಲೇಖಕರ ಮಿತ್ರರು, ಅಂತ ಹಾಕ್ತೀನಿ. ಚಲೇಗಾ?’

‘ಬೇಡ’ ಎಂದೆ. ದನಿ ಸ್ವಲ್ಪ ಜೋರಾಯಿತೇನೋ, ಒಳಗಿನಿಂದ ನನ್ನ ಹೆಂಡತಿ ಬಂದು ಬಾಗಿಲಲ್ಲಿ ನಿಂತಳು. ‘ಮಿತ್ರ ಅಂತ ಮಾತ್ರ ಹಾಕಬೇಡ.’

‘ಫಿರ್ ಏನು ಬರೀಲಿ?’

‘ಇವರ ಪೂರ್ತಿ ಹೆಸರನ್ನು ಇವರ ಮಾತು ಕದ್ದವನು ಕೇಳಲಿಲ್ಲ, ಅಂತ ಬರಿ. ಅದರ ಕೆಳಗೆ ನನ್ನ ಹೆಸರು ಹಾಕು.’

ಟೈಪು ಮಾಡುವ ಸದ್ದು ಶುರುವಾಯಿತು. ನಡುವೆ ನಿಂತಿತು.

‘ಅಂಕಲ್, ಸಚ್ಚಿ, ಹೀಗೇ ಹಾಕಲಾ?’

‘ಹೀಗೇ ಹಾಕು’ ಎಂದೆ.